ನಾರ್ಬರ್ಟಾಬ್ ತರಿಸಿದ ಬಸ್ಸು

ಗುರುವಾರ ಬೆಳಿಗ್ಗೆ ಫೆಲ್ಸಿ ಬಾಯಿಯ ಬುತ್ತಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬಂಗುಡೆ ಸಾರು ನಾರ್ಬರ್ಟನ ಕಾರಿನ ಹಿಂದಿನ ಸೀಟಿಗೆ ಇಳಿಯಿತು. ಏಸಿ ಆ ಪರಿಮಳವನ್ನು ಮುಂದಿನ ಸೀಟಿಗೂ ಮೋಸವಿಲ್ಲದೆ ಹಂಚಿತು.

“ಒಣಗಿದ ಮೇಲೆ ಗೊತ್ತೇ ಆಗುದಿಲ್ಲ ನಾರ್ಬರ್ಟಾಬ್,” ಎಂದಳು ಫೆಲ್ಸಿ ಬಾಯಿ, ಅವನದೇ ಕರವಸ್ತ್ರದಿಂದ ಸೀಟು ಒರೆಸುತ್ತ.

ನಾರ್ಬರ್ಟ್ ಹಲ್ಲು ಕಚ್ಚಿದ. ಮಿರ್ದಿಫ್‌ನಿಂದ ಜುಮೇರಾ ಲೇಕ್ ಟವರ್ಸ್‌ಗೆ ದುಬೈಯ ದಟ್ಟಣೆಯಲ್ಲಿ ಮುಕ್ಕಾಲು ಗಂಟೆಯ ದಾರಿ. ಮನೆಯಲ್ಲಿ ಹೆಂಡತಿ ವೆಲಿಟಾ, ಆಫೀಸಿನಲ್ಲಿ ಮ್ಯಾನೇಜರ್. ನಡುವಿನ ಮುಕ್ಕಾಲು ಗಂಟೆಯಾದರೂ ತನ್ನನ್ನು ಯಾರೂ ಮಾತಾಡಿಸಬಾರದು ಎಂಬ ಒಂದೇ ಆಸೆಯಿಂದ ಅವನು ಕಾರು ಕೊಂಡಿದ್ದ. ಆದರೆ ಒಂದೇ ಕಟ್ಟಡದವರು, ಒಂದೇ ಕಡೆ ಕೆಲಸ, ಮೇಲಿಂದ ಊರಿನವರು. ಬೇಡ ಎನ್ನುವುದು ಹೇಗೆ? ಎರಡು ವರ್ಷದಿಂದ ಫೆಲ್ಸಿ ಬಾಯಿ, ಅಬ್ಬಾಸ್, ಡೆನಿಸ್ ಮೂವರೂ ಹತ್ತುತ್ತಿದ್ದರು.

ಹಿಂದೆ ಕೂತ ಅಬ್ಬಾಸ್ ಉಪ್ಪಿನಂಗಡಿಯಲ್ಲಿದ್ದ ತಾಯಿಯ ಹತ್ತಿರ ಸ್ಪೀಕರಿನಲ್ಲಿ ಮಾತಾಡುತ್ತಿದ್ದ. “ಉಮ್ಮ ನಿಮ್ಮ ಆರೋಗ್ಯ ಕೇಳ್ತಿದ್ದಾರೆ ಪೊರ್ಬುಗಳೇ!” ಎಂದ ನಾರ್ಬರ್ಟನಿಗೆ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ.

ನಾರ್ಬರ್ಟನ ಪಕ್ಕದಲ್ಲಿ ಡೆನಿಸ್. ಡ್ರೈವಿಂಗ್ ಟೆಸ್ಟಿನಲ್ಲಿ ಆರು ಸಲ ಫೇಲಾದವನು. ಹಾಗಾಗಿ ಉಪದೇಶಕ್ಕೆ ಬರಗಾಲವಿರಲಿಲ್ಲ. “ಇಂಡಿಕೇಟರ್ ಹಾಕಿ ಮಾರಾಯ್ರೆ! ಬ್ರೇಕ್, ಬ್ರೇಕ್! ಇವತ್ತು ಮಧ್ಯಾಹ್ನ ನನ್ನದು ಏಳನೇ ಟೆಸ್ಟ್. ನನಗೆ ಎಲ್ಲ ಬಾಯಿಪಾಠ.” ಹೇಳುತ್ತ ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿದ.

ಆಫೀಸಿನಲ್ಲಿ ನಾರ್ಬರ್ಟನ ಕಣ್ಣಿಗೆ ಸಾರಿಗೆ ಇಲಾಖೆಯ ಒಂದು ಪ್ರಕಟಣೆ ಬಿತ್ತು. ಮಿರ್ದಿಫ್‌ನ ಜನ ಇವತ್ತು ಸಂಜೆ ಸಭೆಗೆ ಬಂದು ತಮಗೆ ಎಂಥ ಬಸ್ಸು ಬೇಕೆಂದು ತಾವೇ ಹೇಳಬೇಕಂತೆ. ಅವನ ಎದೆಯಲ್ಲಿ ಹಬ್ಬದ ಗಂಟೆ ಮೊಳಗಿತು. ಜುಮೇರಾಕ್ಕೆ ನೇರ ಬಸ್ಸು ಬಂದರೆ ಮೂವರೂ ಖಲಾಸ್! ಯಾರಿಗೂ ಹೇಳಬೇಡವೆಂದು ವೆಲಿಟಾಳಿಗೆ ಫೋನ್ ಮಾಡಿದ. ಅಲ್ಲೇ ತಪ್ಪಿದ್ದು. ಸಂಜೆ ಸಭೆಗೆ ಹೊರಟರೆ ಕಾರಿನ ಬಳಿ ಫೆಲ್ಸಿ ಬಾಯಿ, ಅಬ್ಬಾಸ್, ಡೆನಿಸ್ ಸಾಲಾಗಿ ನಿಂತಿದ್ದರು.

ಸಭೆಯಲ್ಲಿ ಮೇಜಿಗೊಂದು ಚಾದರದಷ್ಟು ದೊಡ್ಡ ನಕ್ಷೆ. ಬಸ್ ಸ್ಟಾಪ್ ಬೇಕಾದಲ್ಲಿ ಕೆಂಪು ಚೀಟಿ ಅಂಟಿಸಬೇಕು.

“ನಮ್ಮ ಬಾಗಿಲಿಗೇ ಅಂಟಿಸಿ,” ಎಂದಳು ಫೆಲ್ಸಿ ಬಾಯಿ. “ಅಯ್ಯೋ, ಎದುರಿಗಲ್ಲ! ಬಸ್ಸಿನವರಿಗೆ ನನ್ನ ಅಡುಗೆಮನೆ ಕಾಣ್ತದೆ.”

“ಸುಲೈಮಾನಿ ಚಹಾ ಕುಡಿಯುವ ಕೆಫೆಟೇರಿಯದ ಹತ್ರ ಇರಲಿ,” ಎಂದ ಅಬ್ಬಾಸ್.

“ಆ ತಿರುವಿನಲ್ಲಿ ಬಸ್ ತಿರುಗುದಿಲ್ಲ. ನಾನು ಇವತ್ತೇ ತಿರುಗಿಸಿ ನೋಡಿದ್ದೇನೆ,” ಎಂದ ಡೆನಿಸ್.

ಮೂವರೂ ಕಿತ್ತು ಅಂಟಿಸಿ, ಕಿತ್ತು ಅಂಟಿಸಿ ಮಿರ್ದಿಫ್‌ಗೆ ಸಿಡುಬು ಎದ್ದಂತಾಯಿತು. ನಾರ್ಬರ್ಟನ ಪಿತ್ತ ನೆತ್ತಿಗೇರಿತು. ಒಂದು ಕೈಯಲ್ಲಿ ಸಮೋಸ ಹಿಡಿದು, ಇಲಾಖೆಯ ಹುಡುಗಿ ಚಾಚಿದ ಕಾಗದಕ್ಕೆ ಓದದೆ ಸಹಿ ಗೀಚಿ, ಎದ್ದು ತನಗೆ ಬಂದಷ್ಟು ಅರಬ್ಬಿ ಬೆರೆಸಿ ಕೂಗಿದ: “ಮೇಡಂ! ಇಲ್ಲಿಂದ ಜುಮೇರಾಕ್ಕೆ ನೇರ ಬಸ್ ಮಾಫಿ! ಒಂದೂ ಇಲ್ಲ! ಅದೊಂದು ಕೊಡಿ, ಎಲ್ಲಿ ಬೇಕಾದ್ರೂ ನಿಲ್ಲಿಸಿ!”

“ನಿಮಗೆ ಕಾರಿದೆಯಲ್ಲ?” ಮೇಜಿನ ಮೇಲಿದ್ದ ಅವನ ಕಾರಿನ ಕೀ ನೋಡಿ ಹುಡುಗಿ ನಗುತ್ತ ಕೇಳಿದಳು.

ಮೂರು ಜೊತೆ ಕಣ್ಣು ಅವನತ್ತ ತಿರುಗಿದವು. ನಾರ್ಬರ್ಟ್ ಬೆವೆತ. “ನನಗಲ್ಲ ಮೇಡಂ, ಇವರಿಗೆ! ನನಗೆ ಜ್ವರ ಬಂದ ದಿನ ಇವರು ಟ್ಯಾಕ್ಸಿಗೆ ಕಾಯುವುದನ್ನು ನೆನೆಸಿದ್ರೆ ನನ್ನ ಕರುಳು ಚುರುಕ್ ಅಂತದೆ. ನಾನು ಸತ್ರೂ ಇವರು ಬಿಸಿಲಲ್ಲಿ ನಿಲ್ಲಬಾರದು!”

ಸಭೆ ಚಪ್ಪಾಳೆ ತಟ್ಟಿತು. ಫೆಲ್ಸಿ ಬಾಯಿ ಕಣ್ಣೊರೆಸಿಕೊಂಡಳು, ಮತ್ತೆ ಅವನದೇ ಕರವಸ್ತ್ರದಿಂದ.

ಹುಡುಗಿ ಒಳಗೆ ಹೋಗಿ ದೊಡ್ಡವರೊಡನೆ ಮಾತಾಡಿ ಬಂದಳು. ಸೋಮವಾರದಿಂದಲೇ ಬಸ್ಸು! ಮೂರು ತಿಂಗಳು ಪರೀಕ್ಷೆಗೆ. “ಜನ ಕೇಳಿದ ಬಸ್ಸನ್ನು ಜನರೇ ಹತ್ತಿ ನೋಡಬೇಕು. ನೀವು ಸಹಿ ಹಾಕಿದ್ದೀರಲ್ಲ, ದಿನಾ ಎರಡೂ ಹೊತ್ತು ಅದರಲ್ಲೇ ಹೋಗಿ ವರದಿ ಬರೆಯಬೇಕು.”

ನಾರ್ಬರ್ಟ್ ಉಳಿದ ಸಮೋಸವನ್ನು ತಟ್ಟೆಗೆ ವಾಪಸ್ ಇಟ್ಟ. ಆದರೂ ಲೆಕ್ಕ ಹಾಕಿದ. ಮೂರು ತಿಂಗಳು ತಾನೆ? ಅಷ್ಟರಲ್ಲಿ ಈ ಮೂವರಿಗೂ ಬಸ್ಸು ರೂಢಿಯಾಗುತ್ತದೆ. ಆಮೇಲೆ ಕಾರು, ಮುಕ್ಕಾಲು ಗಂಟೆ, ತಾನು.

“ಒಟ್ಟಿಗೇ ಹೋಗುವ ಬಸ್ಸಲ್ಲಿ,” ಎಂದ ಧಾರಾಳವಾಗಿ.

“ನಾವಾ?” ಫೆಲ್ಸಿ ಬಾಯಿ ಬೆಚ್ಚಿದಳು. “ಸ್ಟಾಪಿನವರೆಗೆ ಬಿಸಿಲಲ್ಲವಾ? ನಾವು ಬಿಸಿಲಲ್ಲಿ ನಿಲ್ಲಬಾರದು ಅಂತ ಈಗ ನೀವೇ ಹೇಳಿದ್ರಿ.”

ಆಗ ಡೆನಿಸ್ ಕಿಸೆಯಿಂದ ಹೊಚ್ಚಹೊಸ ಲೈಸೆನ್ಸ್ ತೆಗೆದ. “ಪಾಸಾಯ್ತು ನಾರ್ಬರ್ಟಾಬ್! ನಿಮಗೆ ಆಶ್ಚರ್ಯ ಆಗಲಿ ಅಂತ ಹೇಳ್ಲಿಲ್ಲ. ನಿಮ್ಮ ಕಾರು ಸುಮ್ನೆ ನಿಲ್ಲುದು ಬೇಡ. ಇವರನ್ನು ನಾನು ಕರ್ಕೊಂಡು ಹೋಗ್ತೇನೆ.”

“ನಿಮ್ಮಂಥ ಮನುಷ್ಯ ಇಲ್ಲ ಪೊರ್ಬುಗಳೇ,” ಎಂದು ಅಬ್ಬಾಸ್ ಡೆನಿಸನ ಪರವಾಗಿ ಕೀಗೆ ಕೈ ಚಾಚಿದ. ಸಭೆಯೆಲ್ಲ ನೋಡುತ್ತಿತ್ತು. ಈಗಷ್ಟೇ ಕರುಳು ಚುರುಕ್ ಎಂದವನು ಬೇರೇನು ಮಾಡಿಯಾನು? ಆ ಕೈಯ ಮೇಲೆ ಕೀ ಇಟ್ಟ.

ಸೋಮವಾರ ಬೆಳಿಗ್ಗೆ ಹೊಸ ಬಸ್ಸಿನಲ್ಲಿ ನಾರ್ಬರ್ಟ್ ಒಬ್ಬನೇ. ಕೊನೆಗೂ ನಿಶ್ಶಬ್ದ ಎಂದುಕೊಳ್ಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು. “ವೈಪರ್ ತನ್ನಷ್ಟಕ್ಕೆ ಓಡ್ತಾ ಉಂಟು, ಎಲ್ಲಿ ಆಫ್ ಮಾಡುದು?” ಡೆನಿಸ್. ಇಟ್ಟೊಡನೆ ಅಬ್ಬಾಸನ ಉಮ್ಮ, ಉಪ್ಪಿನಂಗಡಿಯಿಂದ: “ಬಸ್ಸಲ್ಲಿ ಕೂತ್ಕೊಳ್ಳಲಿಕ್ಕೆ ಜಾಗ ಸಿಕ್ಕಿತಾ ಮಗಾ?”

ಕಿಟಕಿಯಾಚೆ ಬಿರುಬಿಸಿಲಿನಲ್ಲಿ ವೈಪರ್ ಆಡಿಸುತ್ತ ಅವನದೇ ಕಾರು ಬಸ್ಸನ್ನು ದಾಟಿ ಹೋಯಿತು. ಹಿಂದಿನ ಸೀಟಿನಿಂದ ಫೆಲ್ಸಿ ಬಾಯಿ ಬುತ್ತಿ ಹಿಡಿದ ಕೈಯನ್ನೇ ಬೀಸಿದಳು. ಮುಚ್ಚಳ ಹಾರಿತು.

ನಾರ್ಬರ್ಟ್ ಮಡಿಲಲ್ಲಿದ್ದ ವರದಿಯ ಮೊದಲ ಪ್ರಶ್ನೆ ಓದಿದ: ‘ಈ ಬಸ್ಸಿನಿಂದ ರಸ್ತೆಯಲ್ಲಿ ಎಷ್ಟು ಕಾರು ಕಡಿಮೆಯಾಯಿತು?’

ಪೆನ್ನಿನ ಮೊನೆ ಮುರಿಯುವಷ್ಟು ಒತ್ತಿ ಬರೆದ: ‘ಮಾಫಿ.’