ಮುನಿಯಪ್ಪನಪಾಳ್ಯದ ವ್ಯವಹಾರ

ಚುಟುಕಾಗಿ ಬರೆಯುವುದನ್ನು ನಾನು ಬಹಳ ಕಾಲ ಬುದ್ಧಿವಂತಿಕೆ ಎಂದುಕೊಂಡಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಸವೆದವನಿಗೆ ಅದೊಂದು ಕಾಯಿಲೆ ಎಂದು ಯಾರೂ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಹೊಳೆನರಸೀಪುರದ ಮಲ್ಲೇಶಪ್ಪನವರ ಬಳಿ ಸೇರಿದೆ. ಅವರು ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿಸಿ, ಕುಂಡದ ಗಿಡಗಳಿಗೆಂದು ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಕಳಿಸುತ್ತಿದ್ದರು. ಆ ಊರು ಅವರ ಬಾಯಲ್ಲಿ ಮುನಿಯಪ್ಪನಪಾಳ್ಯವಾಗಿತ್ತು. ನಾನು ತಿದ್ದುತ್ತಿದ್ದೆ, ಈಗ ನನ್ನ ಬಾಯಲ್ಲೂ ಅದೇ ಬರುತ್ತದೆ.

ಅಲ್ಲಿ ಕೊಳ್ಳುತ್ತಿದ್ದವರು ನರ್ಸರಿ ನಡೆಸುವ ಕ್ಯಾರೊಲ್ ಎಂಬ ಹೆಂಗಸು. ಆಕೆಯ ಇ-ಮೇಲಿನಲ್ಲಿ ತಾಯಿಯ ಮಂಡಿನೋವಿನಿಂದ ಹಿಡಿದು ಹಿಮದವರೆಗೆ ಎಲ್ಲವೂ ಇರುತ್ತಿತ್ತು. ಯಜಮಾನರು ಕಣ್ಣು ಮುಚ್ಚಿ ಉತ್ತರ ಹೇಳಿ ಬರೆಸುತ್ತಿದ್ದರು: "ಅವ್ವನ ಮಂಡಿ ಈಗ ಎಂಗೈತೆ ಕೇಳಿ, ರಾಮಯ್ನೋರೆ. ನಮ್ ಹೊಳೆ ತುಂಬೈತೆ ಅಂತಲೂ ಬರೀರಿ." ನಾನು ತಲೆಯಾಡಿಸುತ್ತಾ, 'ಮಾಲು ಸೋಮವಾರ ಹೊರಡುತ್ತದೆ' ಎಂದಷ್ಟೇ ಇಂಗ್ಲಿಷಿನಲ್ಲಿ ಕುಟ್ಟುತ್ತಿದ್ದೆ. ವ್ಯಾಪಾರದಲ್ಲಿ ಮಂಡಿನೋವಿಗೇನು ಕೆಲಸ?

ಒಂದು ಮಧ್ಯಾಹ್ನ, ಬೆಂಗಳೂರಿಗೆ ಬಂದಿದ್ದ ಆಕೆ ನಮ್ಮಲ್ಲಿಗೂ ಬಂದರು. ಯಜಮಾನರು ಎಳನೀರು ಕೊಟ್ಟರು. ಆಕೆ ಮುಟ್ಟದೆ ನನ್ನತ್ತ ತಿರುಗಿ, "ಸರಕು ಚೆನ್ನಾಗಿದೆ. ಆದರೆ ನನ್ನ ತಾಯಿ ತೀರಿಕೊಂಡರೆಂದು ಬರೆದಾಗ, 'ವಿಷಯ ಗಮನಿಸಲಾಗಿದೆ' ಎಂಬ ಒಂದೇ ಸಾಲು ಬಂತು. ಇಂಥವರ ಜೊತೆ ವ್ಯವಹಾರ ಸಾಕು," ಎಂದರು.

"ಏನಂತೆ?" ಯಜಮಾನರು ನಗುತ್ತಾ ಕೇಳಿದರು.

ಎರಡು ಭಾಷೆಯೂ ಬರುತ್ತಿದ್ದವನು ನಾನೊಬ್ಬನೇ. ಹೊಗಳುತ್ತಿದ್ದಾರೆ ಎಂದುಬಿಡಬಹುದಿತ್ತು. ಆದರೆ ಆಕೆಯ ಮುಖ ನೋಡಿ, ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅವತ್ತು ಅಷ್ಟೊತ್ತು ಏಳಿ ಬರ್ಸಿದ್ನಲ್ಲಾ, ಅದೆಲ್ಲಾ ಎಲ್ಲೋಯ್ತು?"

"ಬರೆಯಲಿಲ್ಲ, ಯಜಮಾನ್ರೆ."

ಅವರು ಬೈಯಲಿಲ್ಲ. "ಈಗ ಆಯಮ್ಮಂಗೆ ಏಳಿ. ಒಂದಕ್ಸರ ಬಿಡ್ಬ್ಯಾಡಿ."

ತಮ್ಮ ಅವ್ವ ಹೋದಾಗ ಯಜಮಾನರು ಊಟ ಬಿಟ್ಟದ್ದು, ಆ ಅವ್ವನ ಸೀರೆ ಇನ್ನೂ ಪೆಟ್ಟಿಗೆಯಲ್ಲಿರುವುದು, ಎಲ್ಲವನ್ನೂ ಇಂಗ್ಲಿಷಿಗೆ ತಂದೆ. ಕ್ಯಾರೊಲ್ ಕಣ್ಣೊರೆಸಿಕೊಂಡು ಎಳನೀರಿಗೆ ಕೈ ಚಾಚಿದರು. ವ್ಯಾಪಾರ ಉಳಿಯಿತು. ಆಶ್ಚರ್ಯವೆಂದರೆ, ನನ್ನ ಕೆಲಸವೂ ಉಳಿಯಿತು. ಆಮೇಲೆ ಪ್ರತಿ ಇ-ಮೇಲೂ ಎರಡು ಪುಟ. ಮಾಲಿನ ವಿಷಯ ಕೊನೆಯ ಸಾಲಿನಲ್ಲಿ.

ಈಗ ಯಜಮಾನರಿಲ್ಲ. ಅವರ ಮಗಳು ಫೋನಿನಲ್ಲೇ ವ್ಯವಹಾರ ಮುಗಿಸುತ್ತಾಳೆ. ಆ ಉದ್ದುದ್ದ ಕಾಗದಗಳು ನೆನಪಾಗಿ, ಮೊನ್ನೆ ಅರಕಲಗೂಡಿನ ತಂಗಿಗೆ ನಾನೇ ಒಂದು ಬರೆಯೋಣವೆಂದು ಕೂತೆ. 'ಕ್ಷೇಮ' ಎಂದು ಬರೆದ ಮೇಲೆ ಏನೂ ತೋಚಲಿಲ್ಲ. ಕೊನೆಗೆ ಬಸ್ಸು ಹತ್ತಿ ಅವಳ ಮನೆಗೇ ಹೋದೆ.

"ಏನಣ್ಣಾ, ಇದ್ದಕ್ಕಿದ್ದಂಗೆ ಬಂದ್ಬುಟ್ಟೆ?" ಎಂದಳು.

ಹೇಳಬೇಕಾದದ್ದು ಬಹಳವಿತ್ತು.

"ಸುಮ್ನೆ," ಎಂದೆ.