ಡಾಕ್ಟರ ಕಾರು, ಖಂಡಪ್ಪನ ಹೊಟ್ಟೆ

ದವಾಖಾನೆಯಲ್ಲಿ ಪಕ್ಕದ ಮನೆಯ ಜೈತುನ್ಬೀಗೆ ವಿಡಿಯೋ ಕೊಟ್ಟಿದ್ದರು, ಖಂಡಪ್ಪನಿಗೆ ಕೊಟ್ಟಿರಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

"ಸಾಬಮ್ಮಾ, ನಂದೂ ಹೊಟ್ಟಿ ನೋಡ್ಯಾರ. ಬಾಯಾಗಿಂದ ಪೈಪ್ ಹಾಕಿ ನೋಡಿದ ಮ್ಯಾಲ ವಿಡಿಯೋ ಮೊಬೈಲಿಗೇ ಹಾಕ್ಯಾರ," ಅಂದಳು ಆಕೆ, ಬೆಳಿಗ್ಗೆ ಬೆಳಿಗ್ಗೆ. "ಭೈಯಾಂದು ಎಲ್ಲದ?"

ಚುರುಮುರಿ ಸುಸ್ಲಾ ತುಂಬಿದ ಚಮಚ ಖಂಡಪ್ಪನ ಬಾಯಿಯ ಹತ್ತಿರವೇ ನಿಂತಿತು. ವಾಡಿ ಊರಿನಲ್ಲಿ ಎಂಥಾ ಲಾರಿಯ ಕೆಳಗೆ ಬೇಕಾದರೂ ನುಗ್ಗುವ ಈ ಮೆಕ್ಯಾನಿಕ್ ಪೈಪಿಗೆ ಮಾತ್ರ ನಡುಗುತ್ತಿದ್ದ. ಮೂರು ತಿಂಗಳಿಂದ ಎದೆಯುರಿ. ಶಹಾಬಾದಿನ ಡಾಕ್ಟರ್ ಅರುಣಕುಮಾರ ನಿನ್ನೆ ಸೋಮವಾರ ಪೈಪ್ ಪರೀಕ್ಷೆಗೆ ಕರೆದಿದ್ದರು. ಹೋಗಿ ಬೆಂಚಿನ ಮೇಲೆ ಕೂತಿದ್ದ. ಒಳಗೆ ಯಾರೋ ಓಕರಿಸಿದ ಸಪ್ಪಳ ಕೇಳಿದ್ದೇ ತಡ, ಎದ್ದು ಓಡಿ ಬಂದಿದ್ದ. ಮನೆಯಲ್ಲಿ ಮಾತ್ರ, "ಪರೀಕ್ಷಾ ಆಯ್ತು, ಏನೂ ಇಲ್ಲ," ಅಂದಿದ್ದ.

"ತೋರಸ್ರಿ," ಅಂದಳು ಹೆಂಡತಿ ಸಾಬಮ್ಮ, ಕೈ ಚಾಚಿ.

ಅವನ ಫೋನಿನಲ್ಲಿ ಒಂದು ವಿಡಿಯೋ ಇತ್ತು, ಇಲ್ಲ ಅಂತಲ್ಲ. ಅದು ಇಂಜಿನ್ನಿನ ಒಳಗಿನದು. ಅದೇ ಡಾಕ್ಟರು ಹೈದರಾಬಾದಿನಿಂದ ತಂದ ಹಳೇ ಟರ್ಬೊ ಸ್ಪೋರ್ಟ್ಸ್ ಕಾರು, ಕೆಂಪಗೆ ಮದುಮಗಳ ಹಾಗೆ, ಅವನ ಗ್ಯಾರೇಜಿನಲ್ಲಿ ನಿಂತಿತ್ತು. ನೀಲಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ನಿನ್ನೆ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಗೇಜ್ ಇಟ್ಟರೆ ಮೂರನೇ ಸಿಲಿಂಡರಿನಲ್ಲಿ ಒತ್ತಡ ಅರ್ಧವೂ ಇಲ್ಲ. ಎರಡು ಚಮಚ ಆಯಿಲ್ ಬಿಟ್ಟಾಗ ಮುಳ್ಳು ಮೇಲೆದ್ದಿತು. ಅಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಆಮೇಲೆ ಪ್ಲಗ್ಗಿನ ತೂತಿನಲ್ಲಿ ವೈರಿನ ಕ್ಯಾಮೆರಾ ಇಳಿಸಿ ನೋಡಿದ. ಪಿಸ್ಟನ್ ಮೇಲೆ ಕಾರ್ಬನ್ ದಪ್ಪಗೆ ಕೂತಿತ್ತು, ಸಿಲಿಂಡರಿನ ಗೋಡೆಗೆ ಉದ್ದುದ್ದ ಗೀರು. ಇಂಜಿನ್ ಪೂರ್ತಿ ಬಿಚ್ಚಲೇಬೇಕಿತ್ತು.

ಅದನ್ನು ಹೇಳಲು ಧೈರ್ಯ ಬೇಕಲ್ಲ! "ಗಾಡಿಗಿ ದೊಡ್ಡ ತೊಂದ್ರಿ ಇದ್ರ ದವಾಖಾನಿಗೇ ಬಂದು ಹೇಳು, ನಿನ್ನ ಹೊಟ್ಟಿನೂ ನೋಡಿಬಿಡಮ್," ಅಂದಿದ್ದರು ಡಾಕ್ಟರು. ಹಾಗಾಗಿ ರಾತ್ರಿಯೇ ಫೋನಿನಲ್ಲಿ ಹೇಳಿ ಮುಗಿಸಿದ್ದ: "ಏನೂ ಇಲ್ರಿ ಸಾಹೇಬ್ರ, ಇಂಜಿನ್ ಒಳಗ ಕನ್ನಡಿ ಇದ್ದಂಗ ಅದ. ಡ್ರೈವರ್‌ನ ಕಳಸ್ರಿ ಸಾಕು."

ಈಗ ಬೇರೆ ದಾರಿಯೇ ಇರಲಿಲ್ಲ. ಅರೆಗಳಿಗೆ ತೋರಿಸಿ ಕಿತ್ತುಕೊಂಡರಾಯಿತು ಎಂದುಕೊಂಡು ಅದೇ ವಿಡಿಯೋ ಹಚ್ಚಿದ. ಸಾಬಮ್ಮ ಫೋನನ್ನೇ ಕಸಿದುಕೊಂಡಳು.

"ಯವ್ವಾ! ಇಷ್ಟು ಕರ್ರಗ!"

"ಯಾ ಅಲ್ಲಾ! ತಳ ಹತ್ತಿದ ಗಡಗಿ ಹಂಗ ಆಗ್ಯಾದಲ್ಲ," ಅಂದಳು ಜೈತುನ್ಬೀ.

ಕೂಗಾಟಕ್ಕೆ ಎದುರಿನ ಹೋಟೆಲಿನ ಸಂಗಣ್ಣ ಭಜಿ ಎತ್ತುವ ಜಾಲರಿ ಹಿಡಿದುಕೊಂಡೇ ಬಂದ. ಖಂಡಪ್ಪ ದಿನಾ ತಿನ್ನುತ್ತಿದ್ದದ್ದು ಇವನ ಮಿರ್ಚಿ ಭಜಿಯನ್ನೇ. ವಿಡಿಯೋ ನೋಡಿದವನೇ ಬೆವತುಹೋದ. "ಇದು ನನ್ನ ಭಜಿದಲ್ಲ ನೋಡ್ರಿ! ನನ್ನ ಎಣ್ಣಿ ದಿನಾ ಹೊಸಾದು. ಇದು ಪಕ್ಕಾ ಗುಟ್ಕಾದ್ದು."

"ಅಯ್ಯೋ, ಇದು ಹೊಟ್ಟಿ ಅಲ್ಲೇ! ಕಾರಿಂದು!" ಖಂಡಪ್ಪ ಕಿರುಚಿದ. ಅವನ ಬಾಯಿಂದ ಅಂದು ಬಂದ ಮೊದಲನೇ ನಿಜ ಅದು. ಯಾರೂ ನಂಬಲಿಲ್ಲ.

"ಹೆದ್ರಿಕಿಗಿ ಏನೇನೋ ಮಾತಾಡಾಕತ್ತಾರ," ಎಂದು ಸಾಬಮ್ಮ ಗೊಳೋ ಅಂತ ಅತ್ತಳು. "ಸಂಗಣ್ಣಾ, ಜಲ್ದಿ ಆಟೋ ಕರೀರಿ!"

ಸಿಮೆಂಟ್ ಲಾರಿಗಳ ನಡುವೆ ಆಟೋ ಶಹಾಬಾದಿಗೆ ಹೊರಟಿತು. ಒಂದು ಬದಿಗೆ ಹೆಂಡತಿ, ಇನ್ನೊಂದು ಬದಿಗೆ ಜೈತುನ್ಬೀ, ಹಾರಿ ಓಡದಂತೆ ಮುಂದೆ ಸಂಗಣ್ಣ. ಖಂಡಪ್ಪನಿಗೆ ಪೈಪಿನ ಹೆದರಿಕೆ ಒಂದು ಕಡೆ. ಡಾಕ್ಟರು ಆ ವಿಡಿಯೋ ನೋಡಿದರೆ ಏನು ಗತಿ ಎಂಬ ಹೆದರಿಕೆ ಇನ್ನೊಂದು ಕಡೆ. ದವಾಖಾನೆಯ ಬಾಗಿಲಲ್ಲಿ ಕಡೆಯ ಉಪಾಯ ಹೂಡಿದ.

"ಉಂಡ ಹೊಟ್ಟಿಗಿ ಪೈಪ್ ಹಾಕಂಗಿಲ್ಲ. ನಾ ನಾಷ್ಟಾ ಮಾಡೀನಿ."

"ಝೂಟ್! ಸುಸ್ಲಾ ಹಂಗೇ ಉಳದಾದ, ಚಾ ಸುದ್ದಾ ಕುಡಿದಿಲ್ಲ," ಅಂದಳು ಜೈತುನ್ಬೀ. ಎಂಥಾ ನೆನಪಿನ ಹೆಂಗಸು ನೋಡಿ.

ಡಾಕ್ಟರು ವಿಡಿಯೋವನ್ನು ಒಮ್ಮೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಈ ವಿಡಿಯೋ ಯಾವಾಗ ತೆಗೆದದ್ದವ್ವ?"

"ನಿನ್ನೆ ತಾರೀಖು ಅದರಾಗೇ ಅದರಿ. ಉಳೀತಾರೇನ್ರಿ ಸಾಹೇಬ್ರ?" ಅಂದಳು ಸಾಬಮ್ಮ.

"ನಿನ್ನೆ ನಿನ್ನ ಗ್ಯಾರೇಜಿನ್ಯಾಗ ಎಷ್ಟು ಕಾರ್ ಇದ್ವೋ ಖಂಡಪ್ಪಾ?"

"ಒಂದೇ ರಿ," ಅಂದ ಖಂಡಪ್ಪ.

ಡಾಕ್ಟರು ಬೈಯಲಿಲ್ಲ. ನಕ್ಕರು. "ಬಾ ಒಳಗ, ಮಲ್ಕೋ," ಅಂದು ಉಳಿದವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು.

ಪೈಪು ಗಂಟಲು ದಾಟಿತು. ಖಂಡಪ್ಪನ ಕಣ್ಣು ಮೇಲೆ ಸಿಕ್ಕಿಕೊಂಡವು. ಆಗ ಡಾಕ್ಟರು ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಕನ್ನಡಿ ಇದ್ದಂಗ ಅದ ಅಂದಿದ್ದಿಲ್ಲೇನು? ಎಷ್ಟನೇ ಸಿಲಿಂಡರ್?"

ಬಾಯಲ್ಲಿ ಪೈಪು. ಖಂಡಪ್ಪ ಮೂರು ಬೆರಳೆತ್ತಿದ.

"ರಿಂಗ್ ಸವದಾವು?"

ಕಣ್ಣು ಮುಚ್ಚಿ ತೆಗೆದ.

"ಇಂಜಿನ್ ಬಿಚ್ಚಬೇಕು?"

ಮತ್ತೆ ಕಣ್ಣು ಮುಚ್ಚಿದ, ನೀರು ಇಳಿಯಿತು. ಡಾಕ್ಟರು ಪೈಪನ್ನು ಇನ್ನಷ್ಟು ಒಳಗೆ ತಳ್ಳಿದರು.

ಎಲ್ಲ ಮುಗಿದ ಮೇಲೆ ಹೊರಗಿನವರನ್ನು ಕರೆದು ಪರದೆ ತೋರಿಸಿದರು. ಹೊಟ್ಟೆ ಒಳಗೆ ತಿಳಿಗೆಂಪು, ಒಂದು ಕಲೆಯಿಲ್ಲ. "ಏನೂ ಆಗಿಲ್ಲವ್ವ. ಭಜಿ ಬಿಟ್ರ ಸಾಕು."

ಅರ್ಧ ಸತ್ತಿದ್ದ ಖಂಡಪ್ಪ ಎದ್ದು ಕೂತ. ಬದುಕಿದೆ ಅಂದುಕೊಂಡ. ಸಾಬಮ್ಮ ಮಾತ್ರ ಪರದೆ ನೋಡಿದಳು, ಕೈಯಲ್ಲಿದ್ದ ಫೋನು ನೋಡಿದಳು, ಮತ್ತೆ ಪರದೆ ನೋಡಿದಳು.

"ಸಾಹೇಬ್ರ, ಇದು ನಮ್ಮನಿಯವರದಲ್ಲ. ಮುಂಜಾನಿ ನನ್ನ ಕಣ್ಣಿಲೇ ನೋಡೀನಿ, ಕರ್ರಗಿತ್ತು. ನಿಮ್ಮ ಪೈಪ್ ಪೂರಾ ಒಳಗ ಹೋಗಿಲ್ಲ."

"ಹೌದ್ರಿ, ಹೋಗಿಲ್ಲ," ಅಂದಳು ಜೈತುನ್ಬೀ. ಸಂಗಣ್ಣನೂ ತಲೆಯಾಡಿಸಿದ.

ಖಂಡಪ್ಪನ ಗಂಟಲಿಗೆ ಮರಗಟ್ಟಿಸುವ ಮದ್ದು ಹೊಡೆದಿದ್ದರು, ಮಾತು ಹೊರಡಲಿಲ್ಲ. ಡಾಕ್ಟರ ಕಡೆ ತಿರುಗಿ ಎರಡೂ ಕೈ ಮುಗಿದ. ಆ ಕರಿದು ನನ್ನ ಕಾರಿನದವ್ವ ಅಂತ ಅವರು ಒಂದೇ ಮಾತು ಹೇಳಿದ್ದರೆ ಸಾಕಿತ್ತು.

ಡಾಕ್ಟರು ಕಿಟಕಿಯಿಂದ ಹೊರಗೆ, ಬೇವಿನ ಗಿಡದ ಕೆಳಗೆ ತಮ್ಮ ಕಾರು ನಿಲ್ಲುತ್ತಿದ್ದ ಖಾಲಿ ಜಾಗವನ್ನು ನೋಡಿದರು.

"ಖರೆ ಅದ ತಂಗಿ, ನನಗೂ ಅನುಮಾನ ಬಂದಿತ್ತು," ಅಂದರು, ಹೊಸ ಕೈಗವಸು ಹಾಕಿಕೊಳ್ಳುತ್ತ. "ಮಲ್ಕೋ ಖಂಡಪ್ಪಾ. ಸಿಸ್ಟರ್, ಈ ಸಲ ದಪ್ಪ ಪೈಪ್ ತರ್ರಿ."