ಬಸ್ಸು ದೂಡಬಾರದ ಹೊತ್ತಿನಲ್ಲಿ ದೂಡಿದ್ದರ ಕುರಿತು

ವಾಹನ ಶಾಖೆ, ಪುತ್ತೂರು
ಸಂಖ್ಯೆ: ವಾಶಾ/ಚೈನು/17/1961
ದಿನಾಂಕ: 22-5-1961

ಸುತ್ತೋಲೆ

ವಿಷಯ: ಟೈಮಿಂಗ್ ಚೈನು ಬದಲಿಸುವಾಗ ಎಂಜಿನಿನ ಕ್ರ್ಯಾಂಕ್ ಶಾಫ್ಟ್ ತಿರುಗದಂತೆ ಕಾಪಾಡುವ ಬಗ್ಗೆ.

ಉಲ್ಲೇಖ: 1) ಮೆಕ್ಯಾನಿಕ್ ಶ್ರೀ ಅದ್ರಾಮ ಅವರ ಹೇಳಿಕೆ.
2) ಈ ಪ್ರಕರಣದ ಬಸ್ಸು ಕಡಬ ಮಾರ್ಗದಲ್ಲಿದ್ದಾಗಲೇ ಅದರ ಕೈಬ್ರೇಕು ಹಿಡಿಯದಿರುವ ಕುರಿತು ಮೇಲಧಿಕಾರಿಗಳಿಗೆ ಬರೆದ ಆರು ಪತ್ರಗಳು. (ಉತ್ತರ ಬಂದಿಲ್ಲ.)

1. ದಿನಾಂಕ 12-5-1961ರಂದು ಬೆಳಿಗ್ಗೆ ಎಂಟು ಗಂಟೆಗೆ ಅರಂತೋಡಿನಿಂದ ಹೊರಟ ಬಸ್ಸು ಅರ್ಧ ಮೈಲು ಹೋಗುವುದರೊಳಗೆ ನಿಂತಿತು. ಅದರಲ್ಲಿ ಮದುಮಗಳು ಲೋಲಾಕ್ಷಿ ಹಾಗೂ ಅವಳ ದಿಬ್ಬಣದ ಮೂವತ್ತೊಂದು ಮಂದಿ ಇದ್ದರು. ಆಲೆಟ್ಟಿಯಲ್ಲಿ ಹನ್ನೆರಡೂಕಾಲಕ್ಕೆ ಮುಹೂರ್ತ. ಹಿಂದಿನ ದಿನವೇ ಎಂಜಿನಿನಲ್ಲಿ ಗಡಗಡ ಕೇಳಿಸಿದ್ದರಿಂದ ಶ್ರೀ ಅದ್ರಾಮ ಹೊಸ ಚೈನನ್ನು ಚೀಲದಲ್ಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಬರುತ್ತಿದ್ದರು. ಇದನ್ನು ದೂರದೃಷ್ಟಿಯೆಂದು ದಾಖಲಿಸಲಾಗಿದೆ.

2. ಕೈಬ್ರೇಕು ಹಿಡಿಯದ ಈ ಬಸ್ಸನ್ನು ಟಾಪ್ ಗೇರಿನಲ್ಲಿಟ್ಟು ಕಾಲಿನಿಂದ ಬ್ರೇಕ್ ಒತ್ತಿ ಹಿಡಿದರೆ ಚಕ್ರ ಕದಲದು. ಚಕ್ರ ಕದಲದಿದ್ದರೆ ಗೇರಿನ ಮೂಲಕ ಅದಕ್ಕೆ ಜೋಡಿದ ಕ್ರ್ಯಾಂಕ್ ದಂಡವೂ ತಿರುಗದು. ಅದು ತಿರುಗಿದರೆ ಚೈನು ಕೂರಿಸುವ ಹಲ್ಲುಚಕ್ರಗಳ ಗುರುತುಗಳು ತಪ್ಪಿ ಎಂಜಿನು ನಡೆಯದು. ಆದುದರಿಂದ ಶ್ರೀ ಅದ್ರಾಮ, ಚಾಲಕ ಶ್ರೀ ಕುಕ್ಕಪ್ಪ ಅವರಿಗೆ, “ನಾನು ಹೇಳದೆ ಕಾಲು ತೆಗೆಯುದು ಬೇಡ ಮಾರಾಯ್ರೆ” ಎಂದು ಮೌಖಿಕ ಆದೇಶ ನೀಡಿದರು.

3. ಹಳೆಯ ಚೈನು ಕಳಚಿ, ಗುರುತುಗಳು ಎದುರುಬದುರಾಗಿ ನಿಂತಿದ್ದ ವೇಳೆಯಲ್ಲಿ ದಿಬ್ಬಣದವರು ಬಸ್ಸಿನ ಹಿಂದೆ ಸೇರಿದರು. ನಿಂತ ಬಸ್ಸನ್ನು ಕಂಡರೆ ದೂಡುವುದು ಈ ಭಾಗದ ಜನರ ಸದ್ಗುಣವಾಗಿದೆ. “ಬ್ರೇಕ್ ಬಿಡಿ ಡ್ರೈವರೇ” ಎಂಬ ಕೂಗು ಬಂತು. ಹನ್ನೆರಡು ವರ್ಷಗಳ ಅಭ್ಯಾಸಬಲದಿಂದ ಶ್ರೀ ಕುಕ್ಕಪ್ಪ ಬಿಟ್ಟರು. ಬಸ್ಸು ಒಂದು ಮಾರು ಮುಂದೆ ಹೋಯಿತು.

4. ಶ್ರೀ ಅದ್ರಾಮ ಅವರ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಬಾಯಿಯವರೆಗೆ ಬಂದ ಮಾತನ್ನು, ಕಿಟಕಿಯಲ್ಲಿ ಮದುಮಗಳ ಮುಖ ಕಂಡದ್ದರಿಂದ, ನುಂಗಿಕೊಂಡೆನೆಂದು ಅವರು ಹೇಳಿದ್ದಾರೆ. ಅವಳು ಅಳುತ್ತಿರಲಿಲ್ಲ, ಅಳದೆ ನೋಡುತ್ತಿದ್ದುದೇ ಹೆಚ್ಚು ಕಷ್ಟವಾಯಿತಂತೆ. ಆಗ ಗಂಟೆ ಹತ್ತು.

5. ಮದುಮಗಳ ಅಜ್ಜಿ ದುಗ್ಗಮ್ಮ ಇಳಿದು ಬಂದು, “ಎಂತ ಆಗ್ಬೇಕು, ಹೇಳು” ಎಂದು ಶ್ರೀ ಅದ್ರಾಮ ಅವರಲ್ಲಿ ವಿಚಾರಿಸಿದರು.
“ಯಾರು ಎಂತ ಹೇಳಿದ್ರೂ ಬ್ರೇಕ್ ಬಿಡದ ಒಂದು ಕಾಲು ಬೇಕು ಅಮ್ಮ.”
“ಕೆಸರುಗದ್ದೆಯಲ್ಲಿ ಐವತ್ತು ವರ್ಷ ನಿಂತ ಕಾಲು ಉಂಟು. ಸಾಕಾ?”
ಸಾಕೆಂದು ತೀರ್ಮಾನಿಸಲಾಯಿತು.

6. ತಪ್ಪಿದ ಗುರುತನ್ನು ಸರಿಪಡಿಸಲು ಅದೇ ದಿಬ್ಬಣದವರಿಂದ ಬಸ್ಸನ್ನು ಬೆರಳಗಲದ ಲೆಕ್ಕದಲ್ಲಿ ದೂಡಿಸಲಾಯಿತು. ಗುರುತು ಕೂಡಿದೊಡನೆ ದುಗ್ಗಮ್ಮ ಬ್ರೇಕ್ ಒತ್ತಿದರು. ಶ್ರೀ ಕುಕ್ಕಪ್ಪ ಅವರನ್ನು ದಿಬ್ಬಣದ ಮೇಲೆ ಕಾವಲು ನಿಲ್ಲಿಸಲಾಯಿತು. ಒಂದು ಗಂಟೆಯ ಕಾಲ ಆ ಕಾಲು ಅಲುಗಲಿಲ್ಲ. ಎಲೆಯಡಿಕೆ ಕೊಟ್ಟವರಿಗೂ, “ಈಗ ನನ್ನತ್ರ ಮಾತಾಡುದು ಬೇಡ” ಎಂಬ ಉತ್ತರ ದೊರೆಯಿತು. ಹನ್ನೊಂದೂಕಾಲಕ್ಕೆ ಎಂಜಿನು ನಡೆಯಿತು. ಬಸ್ಸು ಸುಳ್ಯದಲ್ಲಿ ನಿಲ್ಲದೆ ನೇರವಾಗಿ ಆಲೆಟ್ಟಿಗೆ ಹೋಯಿತು. ಮುಹೂರ್ತಕ್ಕೆ ಎಂಟು ನಿಮಿಷ ಬಾಕಿ ಇತ್ತು.

ಈ ಹಿನ್ನೆಲೆಯಲ್ಲಿ ಸಂಬಂಧಪಟ್ಟವರೆಲ್ಲರೂ ತಪ್ಪದೆ ಪಾಲಿಸತಕ್ಕ ನಿಯಮಗಳು:

(ಅ) ಚೈನು ಕಳಚಿರುವಾಗ ಬಸ್ಸನ್ನು ದೂಡುವುದು, ಒರಗುವುದು, ಅಥವಾ ಒರಗಿಕೊಂಡು ಸೀನುವುದನ್ನು ನಿಷೇಧಿಸಲಾಗಿದೆ.

(ಆ) ದೂಡುವ ಉತ್ಸಾಹ ತಡೆಯಲಾರದವರು ಹತ್ತು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಲ್ಲತಕ್ಕದ್ದು. ತೀರಾ ಅಸಾಧ್ಯವಾದಲ್ಲಿ ರಸ್ತೆಬದಿಯ ಮರವನ್ನು ದೂಡಬಹುದು.

(ಇ) “ಬ್ರೇಕ್ ಬಿಡಿ” ಎಂದು ಕೇಳಿಸಿದಲ್ಲಿ, ಚಾಲಕರು ಅದನ್ನು ಬೇರೆ ಬಸ್ಸಿನ ಚಾಲಕರಿಗೆ ಹೇಳಿದ್ದೆಂದು ಭಾವಿಸತಕ್ಕದ್ದು.

(ಈ) ಬ್ರೇಕ್ ಒತ್ತಲು ಅರುವತ್ತು ದಾಟಿದ ಅಜ್ಜಿಗೆ ಆದ್ಯತೆ ನೀಡುವುದು. ಅಜ್ಜಿ ಲಭ್ಯವಿಲ್ಲವೆಂಬ ದೃಢಪತ್ರವನ್ನು ಪಟೇಲರಿಂದ ಪಡೆದ ಬಳಿಕವೇ ಚಾಲಕರನ್ನು ಬಳಸಬಹುದು.

(ಉ) ಸದರಿ ಅಜ್ಜಿಗೆ ಚಾಲನಾ ಪರವಾನಗಿ ಇದೆಯೇ ಎಂದು ಯಾರೂ ಕೇಳಕೂಡದು. ಕೇಳಿದವರಿಗೆ ಆಗುವ ಪರಿಣಾಮಕ್ಕೆ ಶಾಖೆ ಹೊಣೆಯಲ್ಲ.

(ಸಹಿ) ತೀರ್ಥರಾಮ
ಶಾಖಾಧಿಕಾರಿ

ಪ್ರತಿಗಳು:
1. ಪುತ್ತೂರು, ಸುಳ್ಯ, ಕಡಬ ಮಾರ್ಗಗಳ ಎಲ್ಲ ಚಾಲಕರಿಗೆ.
2. ಶ್ರೀ ಕುಕ್ಕಪ್ಪ ಅವರಿಗೆ, ಎರಡು ಪ್ರತಿ.
3. ಮೇಲಧಿಕಾರಿಗಳಿಗೆ, ಕೈಬ್ರೇಕಿನ ಕುರಿತ ಏಳನೆಯ ಪತ್ರವೆಂದು ಪರಿಗಣಿಸುವಂತೆ ವಿನಂತಿಸಿ.
4. ಶ್ರೀಮತಿ ದುಗ್ಗಮ್ಮ, ಅರಂತೋಡು. ಅವರಿಗೆ ಓದು ಬಾರದಿರುವುದರಿಂದ ಶ್ರೀ ಅದ್ರಾಮ ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ಕೈಯ ಮಸಿ ಹೋಗಲಿಲ್ಲವೆಂದು ಮದುವೆಮನೆಯಲ್ಲಿ ಶ್ರೀ ಅದ್ರಾಮ ಊಟಕ್ಕೆ ಕೂರದೆ ಬಂದದ್ದು ಶಾಖೆಯ ಗಮನಕ್ಕೆ ಬಂದಿದೆ. ಈ ಸಲ ಉಂಡೇ ಬರತಕ್ಕದ್ದು. ಆ ದಿನವನ್ನು ಕರ್ತವ್ಯದ ದಿನವೆಂದು ಪರಿಗಣಿಸಲಾಗುವುದು.